ಹಚ್ಚಿ ತೆಗಿಯೋ ಲೇಸರ್ ಕ್ಲಿನಿಕ್, ಬೆಳಗಾವಿ: 4 ಸ್ಟಾರ್

ನಮ್ಮ ಸಣ್ಣ ಮಾಮಾನ ಮುಂಗೈ ಮ್ಯಾಲೆ ಹಚ್ಚಿ (ಟ್ಯಾಟೂ) ಹಾಕಿಸಿದ್ದ ಒಬ್ಬಾಕಿ ಹೆಸರು ತಗಸಾಕ ಕರಕೊಂಡ್ ಹೋಗಿದ್ದೆ. ಕಾಲೇಜಿನ್ಯಾಗs ಒಲ್ಲೆ ಅಂದಾಕಿ ಈಗ ಮೊಮ್ಮಕ್ಕಳನ್ನ ಕಂಡಾಳ, ಇಂವ ಮಾತ್ರ ಲಗ್ನಾ ಆಗ್ಲಿಲ್ಲ, ಹೊಲಾ ಮಾರಿದ, ಆಕಿ ಮನಿ ಎದುರಿನ ಚಾದಂಗಡ್ಯಾಗ ಕುಂತು ಕುಂತು ಕಡೀಕ ಆ ಮಂದಿ ಓಣಿ ಬಿಟ್ಟು ಹೋಗೂವಂಗ ಮಾಡಿದ (ಇದಕ್ಕ ಪ್ರೀತಿ ಅಂತಾರೇನ್ರಿ?). ಡಾಕ್ಟರ್ ಚಲೋ ಅದಾರ. ಲೇಸರ್ ಶಾಯಿನ ಪುಡಿ ಮಾಡತೈತಿ, ಆಮ್ಯಾಲೆ ನಮ್ಮ ಮೈಯs ಅದನ್ನ ನಿಧಾನಕ ಹೊರಗ ಹಾಕತೈತಿ, ಒಂದ್ ಸಲಕ್ಕ ಹೋಗಂಗಿಲ್ಲ, ನಡುವ 6-8 ವಾರ ಬಿಡಬೇಕು ಅಂತ ಬಿಡಿಸಿ ಹೇಳಿದ್ರು. ಕರಿ ಶಾಯಿ ಲಗೂನ ಮಾಸತೈತಿ, ಹಸರು ಭಾಳ ಸತಾಯಿಸತೈತಿ. ರೊಕ್ಕ ಜಾಸ್ತಿ, ಅದಕ್ಕ ಒಂದ್ ಸ್ಟಾರ್ ಕಟ್. ಮಾಮಾ ನಡುವ ಎದ್ದು ಮೊದಲಿನ ಅಕ್ಷರ ಒಂದ್ ಉಳಸ್ರಿ ಅಂದ, ಡಾಕ್ಟರ್ ನಗಲಿಲ್ಲ, ಮುಲಾಮಿನ ಜೋಡಿ ಮಾನಸಿಕ ಡಾಕ್ಟರಿಗೂ ಒಂದ್ ಚೀಟಿ ಬರದ್ ಕೊಟ್ರು.