ರೂಟರ್ ಮುಟ್ಟೋದಾ, ಪಕ್ಕದಲ್ಲಿ ಪ್ರಾಕ್ಸಿ ಡಿಎಚ್‌ಸಿಪಿ ಇಡೋದಾ?

ಧಾರವಾಡದಲ್ಲಿ ಸಣ್ಣ ಕಂಪ್ಯೂಟರ್ ಲ್ಯಾಬ್ ಇಟ್ಟುಕೊಂಡು, ಪೆನ್‌ಡ್ರೈವ್ ಹಿಡಿದು ಒಂದೊಂದೇ ಮಷೀನಿಗೆ ಓಎಸ್ ಹಾಕಿ ಸಾಕಾಗಿದೆಯಾ? ನೆಟ್‌ವರ್ಕ್ ಬೂಟ್‌ಗೆ, ಅಂದರೆ ಪೆನ್‌ಡ್ರೈವ್ ಇಲ್ಲದೆ ನೆಟ್‌ವರ್ಕ್ ಮೂಲಕವೇ ಮಷೀನ್ ಶುರು ಮಾಡುವುದಕ್ಕೆ, ಎರಡು ದಾರಿ ಇವೆ.

ಒಂದು, ಮಷೀನ್‌ಗಳಿಗೆ ಐಪಿ ವಿಳಾಸ ಹಂಚುವ ಈಗಿರುವ ಡಿಎಚ್‌ಸಿಪಿ ಸರ್ವರ್‌ನಲ್ಲೇ (ಸಾಮಾನ್ಯವಾಗಿ ರೂಟರ್) ಆಪ್ಷನ್ 66 (ಬೂಟ್ ಸರ್ವರ್ ಹೆಸರು), 67 (ಬೂಟ್ ಫೈಲ್ ಹೆಸರು) ತುಂಬುವುದು; ಇದು ಸುಲಭ. ಆದರೆ ಅದರ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು, ಮನೆ ಬಳಕೆಯ ಎಷ್ಟೋ ರೂಟರ್‌ಗಳಲ್ಲಿ ಆ ಜಾಗವೇ ಇರುವುದಿಲ್ಲ. ಹಳೇ ಬಯಾಸ್, ಹೊಸ ಯುಇಎಫ್‌ಐ (ಮಷೀನ್ ಶುರುವಾಗುವ ಎರಡು ರೀತಿ) ಎರಡೂ ಥರದ ಮಷೀನ್ ಇದ್ದರೆ ಒಂದೇ ಬೂಟ್ ಫೈಲ್ ಸಾಲದು.

ಎರಡನೆಯದು, ರೂಟರ್ ಮುಟ್ಟದೆ ಪಕ್ಕದಲ್ಲಿ ಪ್ರಾಕ್ಸಿ ಡಿಎಚ್‌ಸಿಪಿ ಇಡುವುದು; ನನ್ನ ಕೇಳಿದರೆ ಇದೇ ವಾಸಿ. ಹಳೇ ಲಿನಕ್ಸ್ ಪಿಸಿಯಲ್ಲಿ ಡಿಎನ್‌ಎಸ್‌ಮಾಸ್ಕ್ (dnsmasq) ಎಂಬ ಪುಟ್ಟ ಸರ್ವರ್ ತಂತ್ರಾಂಶವನ್ನು ಪ್ರಾಕ್ಸಿ ಮೋಡ್‌ನಲ್ಲಿ ಓಡಿಸಿದರೆ, ಐಪಿಯನ್ನು ಎಂದಿನಂತೆ ರೂಟರ್ ಕೊಡುತ್ತದೆ, ಇದು ಬೂಟ್ ಮಾಹಿತಿ ಮಾತ್ರ ಹೇಳುತ್ತದೆ, ಮಷೀನ್ ಯಾವ ಥರದ್ದು ಅಂತ ನೋಡಿ ಬೇರೆ ಬೇರೆ ಫೈಲನ್ನೂ ಕೊಡಬಲ್ಲದು. ಆ ಪಿಸಿಯ ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 67, 69, 4011 ತೆರೆದಿಡಿ. ನಾನು ಕೊನೆಯದನ್ನು ಮರೆತು ಸುಮ್ನೆ ಒಂದು ಸಂಜೆ ಕಳೆದೆ. ಡಿಎನ್‌ಎಸ್, ಗೇಟ್‌ವೇ ಬದಲಿಸುವುದಿದ್ದರೆ ಮಾತ್ರ ರೂಟರ್‌ಗೇ ಕೈ ಹಾಕಬೇಕು.