ಬೈಕಂಪಾಡಿಯ ಬಾಯ್ಲರ್ ಶುಚಿಗೊಳಿಸುವ ಸೇವೆ: ಕಿಟ್ಟ ಕೆರೆದವರು ಕಾರಣವನ್ನೂ ಹುಡುಕಿಕೊಟ್ಟರು

ಮಂಗಳೂರಿನ ಬೈಕಂಪಾಡಿಯಲ್ಲಿರುವ ನಮ್ಮ ಕಾರ್ಖಾನೆಯ ಬಾಯ್ಲರ್ ಗಂಟೆಗೆ 10 ಟನ್ ಹಬೆ ಕೊಡುವ, ಕಲ್ಲಿದ್ದಲಿನಿಂದ ನಡೆಯುವ ಘಟಕ. ಚಿಮಣಿಗೆ ಹೋಗುವ ಹೊಗೆಯ ಉಷ್ಣಾಂಶ 180 ಡಿಗ್ರಿಯಿಂದ 220 ಡಿಗ್ರಿಗೆ ಏರಿದಾಗ, ಟ್ಯೂಬುಗಳ ಮೇಲೆ ಬೂದಿ ಕಟ್ಟಿರಬೇಕೆಂದು ಊರಿನ ಒಂದು ಸಣ್ಣ ಸಂಸ್ಥೆಯವರನ್ನು ಕರೆಸಿದೆವು. ಹೊಗೆ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬಿದ್ದರೆ ದಕ್ಷತೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಕುಸಿಯುವುದರಿಂದ, ಅದು ಸುಮ್ಮನೆ ಬಿಡುವಂಥ ನಷ್ಟವಾಗಿರಲಿಲ್ಲ.

ಹೋದ ವರ್ಷ ಬಂದಿದ್ದ ಬೇರೊಂದು ತಂಡ ಸುತ್ತಿಗೆಯಿಂದ ಬಡಿದು ಟ್ಯೂಬನ್ನೇ ನಗ್ಗಿಸಿ ಹೋಗಿತ್ತು. ಈ ತಂಡದವರು ಬಾಯ್ಲರ್ ಪೂರ್ತಿ ತಣಿಯುವವರೆಗೆ ಕಾದು, ಕೆರೆಯುವ ಮೊದಲು ಎರಡು ಕಡೆಯ ಮಾದರಿಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟರು. ಕುಲುಮೆಯ ಎಡಗೋಡೆಯಲ್ಲಿದ್ದದ್ದು ಗಾಜಿನಂತೆ ಹೊಳೆಯುವ ಕಪ್ಪು ಕಿಟ್ಟ (ಮೆದುವಾಗಿ ಅಂಟಿ ಗಟ್ಟಿಯಾದ ಬೂದಿ); ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರಿನ ಮೇಲಿದ್ದದ್ದು ಹಿಸುಕಿದರೆ ಪುಡಿಯಾಗುವ ಬೂದಿ, ಆದರೆ ಟ್ಯೂಬಿಗೆ ತಾಗಿದ ಒಳಪದರ ಮಾತ್ರ ಬಿಳಿಯಾಗಿ, ಬಿಗಿಯಾಗಿ ಅಂಟಿತ್ತು.

ಎರಡೂ ಒಂದೇ ಇದ್ದಲಿನ ಬೂದಿಯಾದರೂ ಹುಟ್ಟುವ ಬಗೆ ಬೇರೆ ಎಂಬುದನ್ನು ಅವರು ನಮ್ಮ ಫೈರ್‌ಮನ್‌ಗಳಿಗೂ ಅರ್ಥವಾಗುವಂತೆ ವಿವರಿಸಿದರು. ಬೂದಿಯಲ್ಲಿರುವ ಮರಳಿನ ಅಂಶವಾದ ಸಿಲಿಕ ಅಪ್ಪಟವಾಗಿದ್ದರೆ ಕರಗಲು ಸುಮಾರು 1,700 ಡಿಗ್ರಿ ಬೇಕು. ಆದರೆ ಇದ್ದಲಿನಲ್ಲಿರುವ ಕಬ್ಬಿಣ-ಗಂಧಕದ ಖನಿಜವಾದ ಪೈರೈಟ್‌ನಿಂದ ಬರುವ ಕಬ್ಬಿಣವೂ ಸುಣ್ಣದ ಅಂಶವೂ ಬೆರೆತಾಗ ಬೂದಿ ಅದಕ್ಕಿಂತ ನೂರಾರು ಡಿಗ್ರಿ ಕೆಳಗೇ ಮೆದುವಾಗುತ್ತದೆ, ಗಾಳಿ ಸಾಲದ ಕಡೆ ಇನ್ನೂ ಬೇಗ. ಹಾಗೆ ಮೆದುವಾದ ಕಣಗಳು ಗೋಡೆಗೆ ಬಡಿದು ಕಿಟ್ಟವಾಗುತ್ತವೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಉರಿಯಲ್ಲಿ ಆವಿಯಾಗಿ ಮುಂದೆ ಸಾಗಿ, ಗಂಧಕದೊಡನೆ ಸೇರಿ ಸಲ್ಫೇಟ್ ಆಗಿ ತಂಪಾದ ಟ್ಯೂಬುಗಳ ಮೇಲೆ ಇಳಿಯುತ್ತವೆ. ಆ ಅಂಟುಪದರಕ್ಕೆ ಹಾರುಬೂದಿ ಮೆತ್ತಿಕೊಳ್ಳುತ್ತದೆ.

ನಾವು ದೇಶದ ಇದ್ದಲನ್ನು ಬಿಟ್ಟು ಪಣಂಬೂರು ಬಂದರಿಗೆ ಬರುವ ಇಂಡೋನೇಷ್ಯಾದ ಇದ್ದಲಿಗೆ ಬದಲಾದದ್ದು ಬೂದಿ ಕಡಿಮೆಯೆಂಬ ಕಾರಣಕ್ಕೆ. ಬೂದಿ ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಡಿಗ್ರಿಗೆ ಮೆದುವಾಗುತ್ತದೆ ಎಂಬುದನ್ನು ಖರೀದಿಗೆ ಮುನ್ನ ಕೇಳಬೇಕಿತ್ತು, ನಾವು ಕೇಳಿರಲಿಲ್ಲ. ಅವರ ಸಲಹೆಯಂತೆ ಎಡಬದಿಗೆ ಗಾಳಿ ಹೆಚ್ಚಿಸಿ, ಟ್ಯೂಬುಗಳ ಮೇಲಿನ ಬೂದಿಯನ್ನು ಊದಿ ತೆಗೆಯುವ ಸೂಟ್ ಬ್ಲೋವರನ್ನು ಪ್ರತಿ ಪಾಳಿಗೊಮ್ಮೆ ನಡೆಸತೊಡಗಿದ ಮೇಲೆ ಎರಡು ತಿಂಗಳಾದರೂ ಉಷ್ಣಾಂಶ 185 ದಾಟಿಲ್ಲ.

ಪ್ರಯೋಗಾಲಯದ ವರದಿ ಕೈಸೇರಲು ಮೂರು ವಾರ ಹಿಡಿಯಿತು, ಹೊಗೆಯ ಶಾಖದಿಂದ ಬಾಯ್ಲರಿನ ನೀರನ್ನು ಮೊದಲೇ ಬಿಸಿಮಾಡುವ ಇಕಾನಮೈಸರಿನ ಕೆಳಗಿನ ಬೂದಿಗುಂಡಿಯನ್ನು ನಾವು ನೆನಪಿಸಿದ ಮೇಲೆ ಖಾಲಿ ಮಾಡಿದರು, ದರವೂ ಹೋದ ವರ್ಷಕ್ಕಿಂತ ಹೆಚ್ಚು. ಆದರೂ ಮುಂದಿನ ವಾರ್ಷಿಕ ತಪಾಸಣೆಗೆ ಇದೇ ತಂಡವನ್ನು ಗೊತ್ತುಮಾಡಿದ್ದೇವೆ. ಹೊಸ ಇದ್ದಲಿನ ಮಾದರಿಯನ್ನು ಈ ಬಾರಿ ಲಾರಿ ಇಳಿಸುವ ಮೊದಲೇ ಅವರಿಗೆ ಕಳುಹಿಸಲಿದ್ದೇವೆ.