ಆಲಿಗಾರ್ಕಿಯೋ, ಆಟೋಕ್ರಸಿಯೋ, ರಿಪಬ್ಲಿಕ್ಕೋ? ಒಂದೇ ಸೇವ್ ಫೈಲ್, ಮೂರು ಆಟ

ಸಕಲೇಶಪುರದ ಕಡೆ ಜುಲೈ ಮಳೆ ಹಿಡಿದರೆ ತೋಟದಲ್ಲಿ ಹೇಳಿಕೊಳ್ಳುವಂಥ ಕೆಲಸ ಇರುವುದಿಲ್ಲ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮುಗಿದಿತ್ತು. ಬೆಳಿಗ್ಗೆ ಎದ್ದು ಎಷ್ಟು ಇಂಚು ಮಳೆ ಆಯ್ತು ಅಂತ ಬರೆದಿಟ್ಟರೆ ಆಮೇಲೆ ಲ್ಯಾಪ್‌ಟಾಪೇ ಗತಿ. ಊರು ಕಟ್ಟಿ ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 6ರ ಹುಚ್ಚು ಹಿಡಿಸಿದವನು ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ. “ಮಾವ, ಪೊಲಿಟಿಕಲ್ ಫಿಲಾಸಫಿ ಮುಗಿದ ತಕ್ಷಣ ಕಣ್ಣು ಮುಚ್ಚಿಕೊಂಡು ಆಲಿಗಾರ್ಕಿ ತಗೊಳ್ಳಿ” ಅನ್ನುವುದು ಅವನ ಮಂತ್ರ. ಸಿವಿಕ್ ಅಂದರೆ ಆಟದಲ್ಲಿ ಒಂದೊಂದಾಗಿ ಕಲಿಯುವ ಆಡಳಿತದ ಪಾಠ. ಪೊಲಿಟಿಕಲ್ ಫಿಲಾಸಫಿ ಅನ್ನುವ ಸಿವಿಕ್ ಮುಗಿದರೆ ಆಲಿಗಾರ್ಕಿ, ಆಟೋಕ್ರಸಿ, ಕ್ಲಾಸಿಕಲ್ ರಿಪಬ್ಲಿಕ್ ಎಂಬ ಮೂರು ಸರ್ಕಾರಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕಣ್ಣು ಮುಚ್ಚಿಕೊಂಡು ನಾನು ಗೊಬ್ಬರವನ್ನೂ ತಗೊಳ್ಳುವವನಲ್ಲ. 52ನೇ ಟರ್ನಿನಲ್ಲಿ ಆಟ ಸೇವ್ ಮಾಡಿ, ಅಲ್ಲಿಂದಲೇ ಮೂರು ಸಲ, ಸಲಕ್ಕೆ 40 ಟರ್ನ್ ಆಡಿದೆ. ಗ್ಯಾದರಿಂಗ್ ಸ್ಟಾರ್ಮ್ ಅನ್ನುವ ವಿಸ್ತರಣೆ ಹಾಕಿಕೊಂಡ ಆಟ, ಕಷ್ಟದ ಮಟ್ಟ ಕಿಂಗ್. ನಾನು ರೋಮ್, ಪಕ್ಕದ ಮನೆಯವನು ಅಜ್ಟೆಕ್ಕಿನ ಮಾಂಟೆಜುಮಾ.

ಮೂರು ಸರ್ಕಾರಗಳಲ್ಲೂ ಪಾಲಿಸಿ ಕಾರ್ಡಿಗೆ, ಅಂದರೆ ಒಂದೊಂದು ಅನುಕೂಲ ಕೊಡುವ ಕಾರ್ಡಿಗೆ, ನಾಲ್ಕೇ ಜಾಗ. ಹಂಚಿಕೆ ಮಾತ್ರ ಬೇರೆ. ಆಟೋಕ್ರಸಿಗೆ ಎರಡು ಮಿಲಿಟರಿ, ಒಂದು ಎಕನಾಮಿಕ್. ಆಲಿಗಾರ್ಕಿಗೆ ಮಿಲಿಟರಿ, ಎಕನಾಮಿಕ್, ಡಿಪ್ಲೊಮ್ಯಾಟಿಕ್ ಒಂದೊಂದು. ಕ್ಲಾಸಿಕಲ್ ರಿಪಬ್ಲಿಕ್ಕಿಗೆ ಎರಡು ಎಕನಾಮಿಕ್, ಒಂದು ಡಿಪ್ಲೊಮ್ಯಾಟಿಕ್, ಮಿಲಿಟರಿ ಸೊನ್ನೆ. ನಾಲ್ಕನೆಯದು ಎಲ್ಲರಿಗೂ ವೈಲ್ಡ್‌ಕಾರ್ಡ್. ರಮ್ಮಿಯ ಜೋಕರ್ ಇದ್ದ ಹಾಗೆ, ಅಲ್ಲಿ ಯಾವ ಕಾರ್ಡ್ ಬೇಕಾದರೂ ಕೂರುತ್ತದೆ.

ಮೊದಲು ಆಟೋಕ್ರಸಿ ಹಿಡಿದೆ. ಅರಮನೆ ಇರುವ ರಾಜಧಾನಿಗೆ ಎಲ್ಲ ಉತ್ಪನ್ನದಲ್ಲೂ ಒಂದೊಂದು ಜಾಸ್ತಿ, ಪಿರಮಿಡ್‌ನಂಥ ವಂಡರ್ (ಜಗತ್ತಿನ ಅದ್ಭುತ) ಕಟ್ಟಲು 10 ಪರ್ಸೆಂಟ್ ವೇಗ. ಮೇಲಿಂದ ಕೋರ್ವೆ ಕಾರ್ಡ್ ಹಾಕಿದರೆ ಇನ್ನೂ 15. ಪಿರಮಿಡ್ ನನ್ನದೇ ಅಂದುಕೊಂಡು ಕೂತೆ. ಇನ್ನು ಮೂರೇ ಟರ್ನ್ ಬಾಕಿ ಇರುವಾಗ ಎಲ್ಲೋ ಯಾರೋ ಕಟ್ಟಿ ಮುಗಿಸಿಬಿಟ್ಟರು. ಎರಡನೇ ಮಿಲಿಟರಿ ಜಾಗಕ್ಕೆ ಹಾಕಲು ಒಳ್ಳೆ ಕಾರ್ಡೂ ಸಿಗಲಿಲ್ಲ. ಸುಮ್ನೆ ಕನ್‌ಸ್ಕ್ರಿಪ್ಶನ್ ಹಾಕಿ, ಸೈನಿಕರ ಖರ್ಚಿನಲ್ಲಿ ತಲೆಗೊಂದು ಚಿನ್ನ ಉಳಿಸಿದೆ. ಕೊನೆಗೆ ನಾಲ್ಕು ಊರು. ಇದರ ಬಗ್ಗೆ ಇಷ್ಟು ಸಾಕು.

ರಿಪಬ್ಲಿಕ್‌ನಲ್ಲಿ ಆಟದ ರುಚಿಯೇ ಬೇರೆ. ಪ್ರತಿ ಊರಿಗೂ ಒಂದೊಂದು ಪ್ರೊಡಕ್ಷನ್ ಕೊಡುವ ಅರ್ಬನ್ ಪ್ಲಾನಿಂಗ್, ಹೊಸ ಊರು ಹೂಡುವ ಸೆಟ್ಲರ್ ತಯಾರಿಯನ್ನು 50 ಪರ್ಸೆಂಟ್ ಬೇಗ ಮಾಡುವ ಕಾಲನೈಸೇಶನ್, ಎರಡೂ ಒಟ್ಟಿಗೆ ಕೂತವು. ಜೋಕರ್ ಜಾಗಕ್ಕೆ ಇಲ್ಕಮ್. ಅದು ಹೊಲ, ಗಣಿ ಮಾಡುವ ಬಿಲ್ಡರ್‌ಗಳನ್ನು 30 ಪರ್ಸೆಂಟ್ ಬೇಗ ಕೊಡುತ್ತದೆ. ಡಿಸ್ಟ್ರಿಕ್ಟ್ (ವಿಶೇಷ ಬಡಾವಣೆ) ಇರುವ ಊರುಗಳಲ್ಲಿ ಜನರನ್ನು ಖುಷಿಯಾಗಿಡುವ ಸೌಕರ್ಯವೂ ಒಂದು ಜಾಸ್ತಿ. ಒಂದಾದ ಮೇಲೊಂದು ಊರು ಎದ್ದವು.

ಆಗ ಬಂದ ಮಾಂಟೆಜುಮಾ. ಅವನ ಈಗಲ್ ವಾರಿಯರ್ ಬಲ 28, ನನ್ನ ವಾರಿಯರ್ ಬಲ 20. ನೋಡನೋಡುತ್ತಾ ಒಬ್ಬ ಬಿದ್ದ. ಬಿದ್ದವನು ಸತ್ತಿದ್ದರೆ ಹೋಗಲಿ ಅನ್ನಬಹುದಿತ್ತು. ಈಗಲ್ ವಾರಿಯರ್ ಸೋಲಿಸಿದವನನ್ನು ಬಿಲ್ಡರ್ ಮಾಡಿಕೊಳ್ಳುವುದುಂಟು. ಎರಡು ಟರ್ನ್ ಬಿಟ್ಟು ನೋಡುತ್ತೇನೆ, ಗಡಿಯಾಚೆ ಅವನ ಹೊಲದಲ್ಲಿ ಗೇಯುತ್ತಿದ್ದಾನೆ! ನಮ್ಮ ಆಳು ಪಕ್ಕದ ತೋಟದವನ ಜೀಪ್ ಹತ್ತಿ ಹೋದಾಗ ಆಗುವ ಸಂಕಟವೇ ಇದೂ. ಇಲ್ಕಮ್ ತೆಗೆದು, ಸೈನಿಕರನ್ನು 50 ಪರ್ಸೆಂಟ್ ಬೇಗ ಕೊಡುವ ಅಗೋಗೆ ಹಾಕೋಣ ಅಂದರೆ ಸಿವಿಕ್ ಮುಗಿಯಲು ಇನ್ನೂ ಐದು ಟರ್ನ್ ಇತ್ತು. ಮುಗಿದ ಟರ್ನಿನಲ್ಲಿ ಕಾರ್ಡ್ ಬದಲಾವಣೆ ಪುಕ್ಕಟೆ, ಮಧ್ಯದಲ್ಲಿ ಚಿನ್ನ ಬಿಚ್ಚಬೇಕು. ಬಿಚ್ಚಿದೆ. ಹಾಗೆ ಮಾಡಿದರೂ ಒಂದು ಊರು ಹೋಯಿತು. ಆದರೂ 92ನೇ ಟರ್ನಿಗೆ ಆರು ಊರು ಕೈಯಲ್ಲಿತ್ತು.

ಕೊನೆಗೆ ಆಲಿಗಾರ್ಕಿ. ಕೈಕೈ ಮಿಲಾಯಿಸುವ ಕಾಲಾಳುಗಳಿಗೆ, ಈಟಿಯವರಿಗೆ 4 ಬಲ ಜಾಸ್ತಿ. ನಾಲ್ಕಾ, ಅಷ್ಟೇನಾ ಅಂತ ಮೂಗು ಮುರಿದಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ಗೊತ್ತಾಯಿತು. ಬಲ ಸರಿಸಮ ಇದ್ದಾಗ ಒಂದು ಏಟಿಗೆ ಸುಮಾರು 30 ಪೆಟ್ಟು ಬೀಳುತ್ತದೆ. ನಾಲ್ಕು ಜಾಸ್ತಿ ಇದ್ದರೆ ನಾವು ಕೊಡುವುದು 35ರ ಹತ್ತಿರ, ತಿನ್ನುವುದು 26ರ ಹತ್ತಿರ. ಒಬ್ಬ ಸೈನಿಕನ ಜೀವ 100. ಅಂದರೆ ನಾಲ್ಕು ಏಟಿನ ಕೆಲಸ ಮೂರಕ್ಕೆ ಮುಗಿಯುತ್ತದೆ. ರೋಮ್‌ನ ಖಾಸಾ ಕಾಲಾಳು ಲೀಜನ್, ಅದರ ಬಲ 40, ಅದು 44 ಆಗಿ ನಿಂತಾಗ ಮಾಂಟೆಜುಮಾ ತಾನೇ ರಾಜಿಗೆ ಬಂದ. ಬಿಲ್ಲುಗಾರರಿಗೆ ಮಾತ್ರ ಈ ನಾಲ್ಕು ಸಿಗುವುದಿಲ್ಲ, ಮರೆಯಬೇಡಿ. ಯಾವ ಊರೂ ಹೋಗಲಿಲ್ಲ. ಆದರೆ ಇದ್ದದ್ದೂ ಐದೇ.

ಮಧ್ಯೆ ಒಂದು ಪೆದ್ದ ಕೆಲಸವನ್ನೂ ಮಾಡಿದೆ. ಯುದ್ಧ ಮುಗಿಯಿತಲ್ಲ ಅಂತ ಆಲಿಗಾರ್ಕಿ ಬಿಟ್ಟು ರಿಪಬ್ಲಿಕ್‌ಗೆ ಹಾರಿ, ಹೆದರಿ ಮತ್ತೆ ಆಲಿಗಾರ್ಕಿಗೆ ಬಂದೆ. ಒಮ್ಮೆ ಬಿಟ್ಟ ಸರ್ಕಾರಕ್ಕೆ ಮರಳಿದರೆ ಎರಡು ಟರ್ನ್ ಅರಾಜಕತೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಹಳೇದು, ಅದೂ ಕೈಕೊಟ್ಟಿತು. ಹಳೇ ಸೇವ್‌ನಿಂದ ಮತ್ತೆ ಆಡಿದ್ದರಿಂದ ಆ ತಪ್ಪು ಅಳಿಸಿಹೋಯಿತು. ಕರೆಂಟ್ ಹೋಗಿ ಉಪಕಾರ ಆಗಿದ್ದು ಅದೊಂದೇ ಸಲ.

ನೆರೆಯವನು ನಕ್ಷೆಯ ಏಳೆಂಟು ಮನೆಯೊಳಗೆ ಇದ್ದರೆ ಹುಡುಗ ಹೇಳಿದ್ದು ಸರಿ, ಆಲಿಗಾರ್ಕಿಯೇ. ನಾನು ಮಾತ್ರ ಈಗ ರಿಪಬ್ಲಿಕ್‌ನಲ್ಲೇ ಆಡುತ್ತಿದ್ದೇನೆ, 50ನೇ ಟರ್ನಿಗೆ ಮುಂಚೆ ಅಗೋಗೆ ಹಾಕಿ ನಾಲ್ಕು ಬಿಲ್ಲುಗಾರರನ್ನು ಮಾಡಿಟ್ಟುಕೊಂಡು. ಮೊನ್ನೆ ಶುರು ಮಾಡಿದ ಆಟದಲ್ಲಿ ಏಳು ಊರು ಇವೆ. ಹಾಸನಕ್ಕೆ ಫೋನ್ ಮಾಡಿದಾಗ ಹುಡುಗ “ಆಲಿಗಾರ್ಕಿ ತಾನೇ ಮಾವ?” ಅಂದ. ಹೂಂ ಅಂದೆ.